ಹೋಗಿ ಬರುವ ಸನ್ನೆ

ನಮ್ಮ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅಜ್ಜಿ ಬಾಯಿ ತೆರೆದರೆ ಗಾದೆ, ಅಮ್ಮ ಬಾಯಿ ತೆರೆದರೆ ಗಿರಾಕಿಗಳ ಮೇಲೆ ದೂರು, ನಾನಂತೂ ತೆರೆದ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅಕ್ಕನಿಗೆ ಮಾತ್ರ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಹಾಗಾಗಿ ಮಾತೂ ಬರಲಿಲ್ಲ. ಅವಳ ಪಾಲಿನದನ್ನೂ ನಾನೇ ಆಡುತ್ತಿದ್ದೆ. ಅಂಗಡಿಗೆ ಬಂದವರು ಏನಾದರೂ ಕೇಳಿದರೆ ಅದನ್ನು ಕೈಯಲ್ಲಿ ಅವಳಿಗೆ ದಾಟಿಸಿ, ಅವಳ ಕೈ ಹೇಳಿದ್ದನ್ನು ಬಾಯಲ್ಲಿ ಅವರಿಗೆ ದಾಟಿಸುತ್ತಿದ್ದೆ. ಅದಕ್ಕೇ ಅಜ್ಜಿ ನನಗೆ 'ಎರಡು ನಾಲಿಗೆ' ಅಂತ ಹೆಸರಿಟ್ಟಿದ್ದಳು.

"ಎರಡು ನಾಲಿಗೆ ಅಂದ್ರೆ ಸುಳ್ಳಿ ಅಂತ ಅರ್ಥ ಅಜ್ಜಿ" ಎಂದು ನಾನು ಜಗಳಕ್ಕೆ ಹೋದರೆ, "ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳೋದ್ರಲ್ಲಿ ನಿನ್ನ ಮೀರಿಸೋರು ಯಾರಿದಾರೆ ಹೇಳು" ಎಂದು ನಗುತ್ತಿದ್ದಳು.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಮೇಲೆ ಅಟ್ಟ. ಅಟ್ಟದ ತುಂಬ ಉದ್ದುದ್ದ ಮರದ ಪಟ್ಟಿಗಳು. ಅಪ್ಪ ಹಾಕಿದ ಅಂಗಡಿ ಅದು. ಅಪ್ಪ ಹೋದ ಮೇಲೆ ಗಲ್ಲಾದಲ್ಲಿ ಅಮ್ಮ ಕೂತಳು. ಗರಗಸ, ಸುತ್ತಿಗೆ, ಗಾಜು ಕೊಯ್ಯುವ ಕಡ್ಡಿ ಕಾಲಕ್ರಮದಲ್ಲಿ ಅಕ್ಕನ ಕೈಗೆ ಬಂದವು. ಅವಳು ಗಾಜಿನ ಮೇಲೆ ಒಂದು ಗೀರೆಳೆದು ಅಂಚಿಗೆ ಬೆರಳಿನಿಂದ ತಟ್ಟಿದರೆ ಗಾಜು ಸದ್ದಿಲ್ಲದೆ ಎರಡಾಗುತ್ತಿತ್ತು. ನಾನು ತಟ್ಟಿದರೆ ಐದಾಗುತ್ತಿತ್ತು.

ಅಂಗಡಿಗೆ ಅಪ್ಪ ಮಾಡಿಟ್ಟ ಒಂದು ಕಟ್ಟಳೆ ಇತ್ತು. ಬದುಕಿರುವವರ ಫೋಟೋಗೆ ಬಂಗಾರದ ಬಣ್ಣದ ಪಟ್ಟಿ, ಹೋದವರ ಫೋಟೋಗೆ ಕಪ್ಪು. ಬೀದಿಯವರಿಗೆಲ್ಲ ಇದು ಗೊತ್ತು. ಮದುವೆಯ ಗುಂಪು ಚಿತ್ರ, ಮಗುವಿನ ಚಿತ್ರ ಬಂದರೆ ಬಂಗಾರದ ಪಟ್ಟಿ ಇಳಿಯುತ್ತಿತ್ತು. ಒಬ್ಬರದೇ ಮುಖವನ್ನು ಸಣ್ಣ ಫೋಟೋದಿಂದ ದೊಡ್ಡದು ಮಾಡಿಸಿ ಯಾರಾದರೂ ತಂದರೆ ಅಕ್ಕ ಯಾರನ್ನೂ ಕೇಳಬೇಕಾದ್ದೇನೂ ಇರಲಿಲ್ಲ, ತಂದವರ ಕಣ್ಣು ನೋಡಿ ಕಪ್ಪು ಪಟ್ಟಿಗೆ ಕೈ ಹಾಕುತ್ತಿದ್ದಳು.

ಕಟ್ಟಿನ ಕೆಲಸದಲ್ಲಿ ಕಡೆಯದು ಒಳಗಾಜು ಒರೆಸುವುದು. ಹಿಂದಿನ ರಟ್ಟನ್ನು ಇಟ್ಟು ಮೊಳೆ ಹೊಡೆದುಬಿಟ್ಟರೆ ಆಮೇಲೆ ಒಳಗೆ ಯಾರ ಕೈಯೂ ಹೋಗುವುದಿಲ್ಲ, ಒಂದು ಕೂದಲು ಉಳಿದರೂ ಅದು ಆ ಮುಖದ ಜೊತೆಗೇ ಇರಬೇಕು. ಆದ್ದರಿಂದ ಮುಚ್ಚುವ ಮುಂಚೆ ಅಕ್ಕ ಗಾಜಿನ ಒಳಮೈಗೆ ಬಾಯುಸಿರು ಹಾಕಿ ಹಳೆಯ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಕಪ್ಪು ಕಟ್ಟಾದರೆ ಬಟ್ಟೆಯನ್ನು ಆ ಮನೆಯವರಿಗೇ ಕೊಡುತ್ತಿದ್ದಳು. ಅವರು ಒರೆಸುತ್ತಿದ್ದರು. ಎಷ್ಟೋ ಜನ ಅಲ್ಲೇ, ನಮ್ಮ ಮೇಜಿನ ಮುಂದೆ ನಿಂತು, ಆವರೆಗೆ ಬಿಗಿಹಿಡಿದಿದ್ದ ಅಳುವನ್ನು ಬಿಟ್ಟುಬಿಡುತ್ತಿದ್ದರು.

ಅಕ್ಕನಂಥವರಿಗೆ ನಮ್ಮ ಊರಲ್ಲಿ ಶಾಲೆ ಇರಲಿಲ್ಲ. ಮಾಮೂಲಿ ಶಾಲೆಯವರು ಹಿಂದಿನ ಬೆಂಚಿನಲ್ಲಿ ಕೂರಿಸಿ ಒಂದಷ್ಟು ದಿನ ಅಕ್ಷರ ತಿದ್ದಿಸಿ ಕಳಿಸಿದರು. ಅಕ್ಷರ ಅವಳಿಗೆ ಚಿತ್ರವಾಗಿಯೇ ಉಳಿಯಿತು. ನಮ್ಮ ಸನ್ನೆಗಳು ಯಾವ ಪುಸ್ತಕದಲ್ಲೂ ಇಲ್ಲದವು, ಮನೆಯಲ್ಲೇ ಹುಟ್ಟಿ ಬೆಳೆದವು. ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೇಲೆ ತಳ್ಳಿದರೆ ಅಜ್ಜಿ. ಗಲ್ಲಾದ ಡ್ರಾಯರು ಎಳೆದರೆ ಅಮ್ಮ. ಬೆರಳುಗಳನ್ನು ಹಕ್ಕಿಯ ಕೊಕ್ಕಿನ ಹಾಗೆ ಪಟಪಟ ಬಡಿದರೆ ಅದು ನಾನು. ಈ ಹೆಸರನ್ನು ಇಟ್ಟವಳೂ ಅಕ್ಕನೇ.

ಒಂದು ಸನ್ನೆ ಮಾತ್ರ ಅಜ್ಜಿಯಿಂದ ಬಂದದ್ದು. ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪ ಎದೆನೋವು ಅಂತ ಆಸ್ಪತ್ರೆಗೆ ಹೋದ. ಅವನ ಎದೆಯ ಎಕ್ಸ್‌-ರೇ ಫಿಲ್ಮು ಮನೆಗೆ ಬಂತು, ಅದನ್ನು ದೊಡ್ಡವರೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅಪ್ಪ ನಡೆದು ಬರಲಿಲ್ಲ. ಅಕ್ಕ ಕಂಡಕಂಡವರ ತೋಳು ಎಳೆದು ಅಪ್ಪ ಎಲ್ಲಿ ಎಂದು ಕೇಳುತ್ತಿದ್ದಳು. ಕೊನೆಗೆ ಹೆತ್ತ ಮಗನನ್ನು ಕಳೆದುಕೊಂಡ ಅಜ್ಜಿಯೇ ಅವಳನ್ನು ಮುಂದೆ ಕೂರಿಸಿಕೊಂಡು ಅಂಗೈಯನ್ನು ಮೇಲಕ್ಕೆ ಎತ್ತಿ ತೋರಿಸಿದಳು. ಮೇಲೆ ಹೋದ. ಅಕ್ಕ ತಲೆಯಾಡಿಸಿ, ಎದ್ದು, ಏಣಿ ಹತ್ತಿ ಅಟ್ಟದಲ್ಲಿ ಹುಡುಕಿದಳು. ಪಟ್ಟಿಗಳ ಸಂದಿಗೊಂದಿಯೆಲ್ಲ ನೋಡಿ, ಮೈತುಂಬ ಧೂಳು ಮಾಡಿಕೊಂಡು ಇಳಿದು ಬಂದು, ಅಲ್ಲಿ ಇಲ್ಲ ಎಂದು ಎರಡೂ ಕೈ ಬಿಚ್ಚಿದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅಜ್ಜಿ ಆಗ ಅತ್ತಳು. ಅಪ್ಪನ ಮುಖ ಕಪ್ಪು ಕಟ್ಟಿನೊಳಗೆ ಕೂತು ಗೋಡೆ ಏರಿದ ಮೇಲೆ ಅಕ್ಕನಿಗೆ ಎಲ್ಲ ತಿಳಿಯಿತು.

ಇಷ್ಟು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನನಗೆ ಸಮುದ್ರದಾಚೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಮಣ್ಣಿನ ಬಗ್ಗೆ ಓದು. ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ, ಯಾವುದು ಸತ್ತಿದೆ, ಅದನ್ನು ಬದುಕಿಸುವುದು ಹೇಗೆ, ಇಂಥದ್ದು. ಸುದ್ದಿ ಕೇಳಿ ಅಮ್ಮ ಗಲ್ಲಾದ ಹಿಂದೆಯೇ ಕುಣಿದುಬಿಟ್ಟಳು. ಅಜ್ಜಿ ಕನ್ನಡಕ ಮೇಲೆ ತಳ್ಳಿದಳು.

"ಮಣ್ಣು ಓದೋಕೆ ಸಮುದ್ರ ದಾಟಬೇಕೇನೇ? ಇಲ್ಲಿ ಕಾಲಡಿ ಇರೋದೇನು ಸಕ್ಕರೇನಾ?"

"ಅಲ್ಲಿ ಚೆನ್ನಾಗಿ ಹೇಳ್ಕೊಡ್ತಾರೆ ಅಜ್ಜಿ."

"ಹೇಳ್ಕೊಡ್ಲಿ ಹೇಳ್ಕೊಡ್ಲಿ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ, ನಿನಗಂತೂ ಎರಡಿವೆ. ಒಂದೇ ಮಾತು. ನನ್ನ ಮಣ್ಣಿಗೆ ಮಾತ್ರ ಬಾ. ಅಷ್ಟು ಓದಿದವಳು ನೀನೇ ಬಂದು ಒಂದು ಹಿಡಿ ಹಾಕಿದ್ರೆ ಅದರ ಘನತೆನೇ ಬೇರೆ."

"ಬಿಡ್ತು ಅನ್ನಿ ಅತ್ತೆ" ಎಂದು ಅಮ್ಮ ಗದರಿದಳು. ಅಜ್ಜಿ ನಗುತ್ತಾ ಬಿಡ್ತು ಅಂದಳು. ಆಮೇಲೆ ಕೆಲಸ ಮಾಡುತ್ತಿದ್ದ ಅಕ್ಕನ ಬೆನ್ನು ತಟ್ಟಿ, ತನ್ನ ಮುಖ ತೋರಿಸಿ, ಮೂಲೆಯಲ್ಲಿದ್ದ ಕಪ್ಪು ಪಟ್ಟಿಯತ್ತ ಮೂಗು ಮುರಿದು, ಬಂಗಾರದ ಪಟ್ಟಿಯನ್ನು ಮುಟ್ಟಿ ಮುಟ್ಟಿ ತೋರಿಸಿದಳು. ಇದು ಅವಳ ಹಳೆಯ ತಮಾಷೆ. "ನನ್ನ ಬಣ್ಣಕ್ಕೆ ಕಪ್ಪು ಒಪ್ಪಲ್ಲ. ಬಂಗಾರದ್ದೇ ಹಾಕ್ಬೇಕು, ಕಟ್ಟಳೆ ಗಿಟ್ಟಳೆ ನಿಮ್ಮಪ್ಪನ ಹತ್ರ ನಾನು ಮಾತಾಡ್ಕೋತೀನಿ."

ಎಲ್ಲರಿಗೂ ಸಂತೋಷ. ನನಗೆ ಮಾತ್ರ ಸಂತೋಷದ ಅಡಿಯಲ್ಲಿ ಒಂದು ಮುಳ್ಳು. ನಾನು ಹೋದರೆ ಅಕ್ಕನಿಗೆ ಯಾರು? ಅಮ್ಮನಿಗೆ ಸನ್ನೆ ಅರ್ಧಂಬರ್ಧ, ಗಿರಾಕಿಗಳ ಗಲಾಟೆಯಲ್ಲಿ ತಾಳ್ಮೆಯೂ ಕಡಿಮೆ. ಅಜ್ಜಿಗೆ ಕೈ ನಡುಗುತ್ತದೆ, ಅವಳ ಸನ್ನೆಗಳೂ ನಡುಗುತ್ತವೆ. ಜಗತ್ತಿನಲ್ಲಿ ನಡೆದದ್ದು ಅಕ್ಕನನ್ನು ತಲುಪಲು ಇದ್ದ ಬಾಗಿಲು ನಾನೊಬ್ಬಳೇ ಎಂದು ನಾನು ನಂಬಿದ್ದೆ. ಆ ಬಾಗಿಲನ್ನೇ ಕಿತ್ತುಕೊಂಡು ಹೋಗುತ್ತಿದ್ದೇನೆ ಅನ್ನಿಸಿ ಊಟ ಸೇರುತ್ತಿರಲಿಲ್ಲ. ಬೇಡ ಅಂದುಬಿಡಲಾ ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತಿದ್ದೆ.

ಅವಳಿಗೆ ಸುದ್ದಿ ಹೇಳಿದ್ದು ಅಂಗಡಿಯಲ್ಲೇ, ಗಿರಾಕಿಗಳ ನಡುವೆ. ನನ್ನ ಕೊಕ್ಕು ಬಡಿದೆ. ಪುಸ್ತಕ ಬಿಡಿಸಿ ತೋರಿಸಿದೆ. ದೂರ ಎಂದೆ. ವಿಮಾನಕ್ಕೆ ನಮ್ಮ ಚಿಕ್ಕಂದಿನ ಸನ್ನೆ ಒಂದಿತ್ತು, ಎರಡೂ ತೋಳು ಚಾಚಿ ಬಾಗಿ ಓಡುವುದು. ಅಷ್ಟು ಜನರ ಮುಂದೆ, ಅಷ್ಟು ಗಾಜಿನ ನಡುವೆ, ಇಷ್ಟು ದೊಡ್ಡವಳಾಗಿ ತೋಳು ಚಾಚಿ ಓಡುತ್ತಾರೆಯೇ? ಅಂಗೈಯನ್ನು ಮೇಲಕ್ಕೆ ಎತ್ತಿಬಿಟ್ಟೆ. ಅಕ್ಕ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಅರ್ಥವಾಯಿತು ಅಂದುಕೊಂಡೆ.

ನಮ್ಮ ಬಾಯಿಮಾತೇನು ಕಡಿಮೆಯೇ? 'ಹೋದರು' ಅಂದರೆ ಅಂಗಡಿಗೂ ಹೋಗಿರಬಹುದು, ಮತ್ತೆ ಬಾರದಲ್ಲಿಗೂ ಹೋಗಿರಬಹುದು. ಧ್ವನಿ ಕೇಳಿದವರಿಗೆ ಯಾವುದು ಎಂದು ತಿಳಿಯುತ್ತದೆ. ಕೈಗೆ ಧ್ವನಿ ಇಲ್ಲ. ತಪ್ಪು ನನ್ನದು ಎಂದು ಆಗಲೂ ಯಾರೂ ಅನ್ನಲಿಲ್ಲ, ಈಗ ನಾನೂ ಅನ್ನುವುದಿಲ್ಲ.

ಆಮೇಲಿನ ವಾರಗಳಲ್ಲಿ ಅಕ್ಕ ಬದಲಾದಳು. ನಾನು ನೀರಿನ ಕೊಡ ಎತ್ತಿದರೆ ಓಡಿ ಬಂದು ಕಿತ್ತುಕೊಳ್ಳುತ್ತಿದ್ದಳು. ತನ್ನ ತಟ್ಟೆಯಲ್ಲಿದ್ದ ಒಳ್ಳೆಯ ಚೂರನ್ನು ನನ್ನ ತಟ್ಟೆಗೆ ದಾಟಿಸುತ್ತಿದ್ದಳು. ಮಧ್ಯಾಹ್ನ ಕಣ್ಣು ಮುಚ್ಚಿದ ನಾನು ಎಚ್ಚರಾಗಿ ನೋಡಿದರೆ ಅವಳು ಪಕ್ಕದಲ್ಲಿ ಕೂತು ನನ್ನ ಎದೆ ಏರುವುದನ್ನೂ ಇಳಿಯುವುದನ್ನೂ ದಿಟ್ಟಿಸುತ್ತಿದ್ದಳು. ಇವಳು ಹೀಗೆ ಮುದ್ದು ಮಾಡಿ ನನ್ನನ್ನು ಕಟ್ಟಿಹಾಕಲು ನೋಡುತ್ತಿದ್ದಾಳೆ ಎಂದು ನನಗೆ ಒಳಗೊಳಗೇ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು. ಅಮ್ಮನದೂ ಅದೇ ಲೆಕ್ಕಾಚಾರ. "ಬಿಟ್ಟಿರೋಕೆ ಆಗಲ್ಲ ಪಾಪ ಅವಳಿಗೆ. ಮೂಗ ಕಂಡ ಕನಸಿನ ಹಾಗೆ, ಒಳಗಿರೋದು ಹೇಳೋಕೂ ಆಗ್ತಿಲ್ಲ ನೋಡು" ಎಂದಳು.

ಈ ನಡುವೆ ಹೊರಡುವ ತಯಾರಿ. ನನ್ನನ್ನು ಸೇರಿಸಿಕೊಳ್ಳುವ ದೇಶದವರಿಗೆ ನನ್ನ ಎದೆಯೊಳಗೆ ಏನಿದೆ ಎಂದು ನೋಡಬೇಕಿತ್ತಂತೆ. ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಎಕ್ಸ್‌-ರೇ ತೆಗೆಸಿದೆ. ಜೊತೆಗೆ ಬಂದವಳು ಅಕ್ಕ. ಫಿಲ್ಮು ಮನೆಗೆ ಬಂದಾಗ ಅಮ್ಮ ಅದನ್ನು ಕಿಟಕಿಗೆ ಹಿಡಿದು, "ನೋಡಿ ಅತ್ತೆ, ನಿಮ್ಮ ಮೊಮ್ಮಗಳ ಎದೆಗೂಡು" ಎಂದು ತೋರಿಸಿದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ನನ್ನ ಗಲ್ಲ ಸವರಿ, ಕಣ್ಣೊರೆಸಿಕೊಂಡು ಹೋದರು. ನನ್ನ ಬಟ್ಟೆಗಳನ್ನು ಅತ್ತೆಯ ಮಗಳಿಗೆ ಕೊಟ್ಟೆ, ಚಪ್ಪಲಿಯನ್ನೂ ಕೊಟ್ಟೆ. ಅಮ್ಮ ನಗುತ್ತಾ ಓಡಾಡಿ, ಅಡುಗೆಮನೆಗೆ ಹೋಗಿ ಬಾಗಿಲು ಮರೆಯಲ್ಲಿ ಅಳುತ್ತಿದ್ದಳು. ಮತ್ತೆ, ಅಂಗಡಿಗೆ ಬಂದವರಿಗೆಲ್ಲ 'ಇವಳೇ ನನ್ನ ಮಗಳು' ಎಂದು ತೋರಿಸುವ ಆಸೆಯಿಂದ, ಪಾಸ್‌ಪೋರ್ಟಿಗೆ ತೆಗೆಸಿದ್ದ ಫೋಟೋವನ್ನು ದೊಡ್ಡದು ಮಾಡಿಸಿ ತಂದು ಕಟ್ಟು ಹಾಕು ಎಂದು ಅಕ್ಕನ ಮುಂದಿಟ್ಟಳು. ಕೊಡುವಾಗ ಅವಳ ಕಣ್ಣು ತುಂಬಿತ್ತು.

ಒಬ್ಬಳದೇ ಮುಖ. ದೊಡ್ಡದು ಮಾಡಿಸಿದ್ದು. ತಂದವಳ ಕಣ್ಣಲ್ಲಿ ನೀರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಊಟ ಮುಗಿಸಿ ನಾವು ಮೂವರೂ ಅಂಗಡಿಯಲ್ಲಿ ಕೂತಿದ್ದಾಗ ಅಕ್ಕ ಬಟ್ಟೆ ಸುತ್ತಿದ ಕಟ್ಟನ್ನು ತಂದು ಅಮ್ಮನ ಮುಂದೆ ಇಟ್ಟಳು. ರಟ್ಟು ಇನ್ನೂ ಮುಚ್ಚಿರಲಿಲ್ಲ. ಒಳಗಾಜು ಒರೆಸುವ ಮೆತ್ತನೆ ಬಟ್ಟೆಯನ್ನು ಮಡಿಸಿ ಅಮ್ಮನ ಕೈಗೆ ಕೊಟ್ಟಳು. ಅಮ್ಮ ಸುತ್ತಿದ್ದನ್ನು ಬಿಚ್ಚಿದಳು. ಕಪ್ಪು ಕಟ್ಟು. ಅದರೊಳಗೆ ನಾನು.

ಅಂಥ ಕೆಲಸವನ್ನು ಅಕ್ಕ ಅದುವರೆಗೆ ಮಾಡಿರಲಿಲ್ಲ. ಮೂಲೆಗಳು ಕೂಡಿದ್ದು ಎಲ್ಲಿ ಎಂದು ಬೆರಳಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗಾಗಿ ತಂದು ಮಿಕ್ಕಿದ್ದ ಹಳೆಯ ಪಟ್ಟಿಯನ್ನು ಅಟ್ಟದಿಂದ ಹುಡುಕಿ ತೆಗೆದು ಮೆರುಗು ಕೊಟ್ಟಿದ್ದಳು.

ಅಮ್ಮ ಕಿರುಚಿದಳು. ಅಜ್ಜಿ ಎದ್ದು ನಿಂತು, "ಬಿಡ್ತು ಅನ್ನು! ಬಿಡ್ತು ಅನ್ನೇ!" ಎಂದು ಅಕ್ಕನ ಭುಜ ಹಿಡಿದು ಅಲ್ಲಾಡಿಸಿದಳು. ಬಿಡ್ತು ಎನ್ನಲು ನಮ್ಮಲ್ಲಿ ಸನ್ನೆಯೇ ಇರಲಿಲ್ಲ. ಅಕ್ಕ ಒಬ್ಬರಾದ ಮೇಲೆ ಒಬ್ಬರ ತುಟಿಯನ್ನು ನೋಡುತ್ತಾ ನಿಂತಳು.

"ನಾನು ಸಾಯ್ಲಿ ಅಂತಾನಾ ನಿನಗೆ?" ಎಂದು ನಾನು ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಕೂಗಿದೆ. "ನಾನು ಹೋಗ್ತೀನಿ ಅಂತ ಇಷ್ಟು ಹೊಟ್ಟೆಕಿಚ್ಚಾ?"

ಅಕ್ಕನ ಮುಖದಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಅವಳು ನನ್ನ ಮುಂದೆ ಬಂದು ಮಂಡಿಯೂರಿ, ನಿಧಾನವಾಗಿ, ಒಂದೊಂದಾಗಿ ಹೇಳಿದಳು. ಆಸ್ಪತ್ರೆ. ಸೂಜಿ. ಕಿಟಕಿಗೆ ಹಿಡಿದ ಫಿಲ್ಮು, ಅಪ್ಪನಿಗೂ ಹೀಗೇ ಹಿಡಿದಿದ್ದರು. ಬಂದವರೆಲ್ಲ ಅತ್ತರು. ನೀನು ಬಟ್ಟೆ ಕೊಟ್ಟುಬಿಟ್ಟೆ. ಅಮ್ಮ ಬಾಗಿಲು ಮರೆಯಲ್ಲಿ ಅಳುತ್ತಾಳೆ. ನೀನೇ ಹೇಳಿದೆ. ಅಂಗೈಯನ್ನು ಮೇಲಕ್ಕೆ ಎತ್ತಿದಳು. ಆಮೇಲೆ ಆ ಕೈಯನ್ನೇ ನನ್ನ ಎದೆಯ ಮೇಲಿಟ್ಟು, ಹುಬ್ಬು ಕೂಡಿಸಿ ಕೇಳಿದಳು.

ನೋಯುತ್ತಿದೆಯಾ?

ಇಷ್ಟು ದಿನ ನಮ್ಮ ಮನೆಯಲ್ಲಿ ಒಬ್ಬಳು ನನ್ನ ಸಾವನ್ನು ಒಬ್ಬಳೇ ಹೊತ್ತುಕೊಂಡು, ಮೂಲೆ ಕೂಡಿಸಿ, ಮೆರುಗು ಕೊಟ್ಟು ಓಡಾಡುತ್ತಿದ್ದಳು. ನಾವು ಮೂವರು ಬಾಯಿಬಡುಕರಿಗೆ ಅದು ಕೇಳಿಸಿರಲಿಲ್ಲ. ಅವಳು ಕಂಡದ್ದರಲ್ಲಿ ಸುಳ್ಳೇನಿತ್ತು? ಸದ್ದು ತೆಗೆದುಬಿಟ್ಟರೆ ಪರದೇಶಕ್ಕೆ ಹೊರಡುವವರ ಮನೆಗೂ ಸಾಯುವವರ ಮನೆಗೂ ವ್ಯತ್ಯಾಸ ಕಾಣುವುದಿಲ್ಲ.

ನಾನು ಎದ್ದು ಎರಡೂ ತೋಳು ಚಾಚಿದೆ. ಬಾಗಿ, ಬಾಯಲ್ಲಿ ಸದ್ದು ಮಾಡುತ್ತಾ, ಅವಳಿಗೆ ಕೇಳಿಸದು ಎಂದು ಗೊತ್ತಿದ್ದೂ ಸದ್ದು ಮಾಡುತ್ತಾ, ಗಾಜುಗಳ ನಡುವೆ, ಮೇಜಿನ ಸುತ್ತ, ಗಲ್ಲಾದ ಹಿಂದೆ ಓಡಿದೆ. ಅಜ್ಜಿ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ವಿಮಾನ. ಹೋಗುತ್ತೇನೆ. ಪುಸ್ತಕ ಓದುತ್ತೇನೆ. ಬರುತ್ತೇನೆ. ಸಾಯುವುದಿಲ್ಲ. ಓಡಿ ಬಂದು ಅವಳ ಮುಂದೆ ನಿಂತೆ.

ಅಕ್ಕ ನನ್ನ ಕೆನ್ನೆಗೆ ಬಾರಿಸಿದಳು. ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಎತ್ತದವಳು ಕಣ್ಣಲ್ಲಿ ನಕ್ಷತ್ರ ಕಾಣುವ ಹಾಗೆ ಬಾರಿಸಿದಳು. ಆಮೇಲೆ ನೆಲಕ್ಕೆ ಕುಸಿದು, ಎಲ್ಲಿಂದಲೋ ಬರುವ ಆ ಒಡಕು ದನಿಯಲ್ಲಿ ಅತ್ತಳು. ನಾನು ಅವಳನ್ನು ಅಪ್ಪಿಕೊಂಡು, ಹೋಗಲ್ಲ, ಎಲ್ಲಿಗೂ ಹೋಗಲ್ಲ ಎಂದು ಅವಳ ಬೆನ್ನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದೆ. ಆ ಗಳಿಗೆಯಲ್ಲಿ ಅದು ನನ್ನ ನಿಜವಾದ ತೀರ್ಮಾನವೇ ಆಗಿತ್ತು.

ತೀರ್ಮಾನ ಬದಲಿಸಿದವಳು ಅವಳೇ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಎದ್ದು, ಆ ಕಟ್ಟಿನ ಮೂಲೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಕಪ್ಪು ಪಟ್ಟಿಯನ್ನು ಅಟ್ಟಕ್ಕೆ ವಾಪಸು ಹಾಕಿ, ಬಂಗಾರದ್ದನ್ನು ಇಳಿಸಿ ಗರಗಸ ಹಿಡಿದಳು. ಸಂಜೆಯ ಹೊತ್ತಿಗೆ ನಾನು ಬಂಗಾರದ ಕಟ್ಟಿನಲ್ಲಿ ಗಲ್ಲಾದ ಮೇಲಿನ ಗೋಡೆಯಲ್ಲಿದ್ದೆ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ನಮ್ಮಲ್ಲಿ ಇಲ್ಲದಿದ್ದ ಸನ್ನೆಯೊಂದನ್ನು ಮಾಡಿದಳು. ಅಂಗೈ ಮೇಲಕ್ಕೆ ಹೋಯಿತು, ಅಲ್ಲಿ ಬಾಗಿತು, ತಿರುಗಿ ಇಳಿದು ಬಂದು ಎದೆಯನ್ನು ಮುಟ್ಟಿತು. ಹೋಗಿ ಬರುವುದು. ನಾನೂ ಮಾಡಿದೆ, ಕೈಯನ್ನು ನನ್ನ ಎದೆಗೆ ತಂದು ನಿಲ್ಲಿಸಿದೆ. ಅಕ್ಕ ಹಾಗಲ್ಲ ಎಂದು ತಲೆಯಾಡಿಸಿ, ನನ್ನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳು. ಬರುವುದು ಎಂದರೆ ಕಾಯುವವರ ಹತ್ತಿರ ಬರುವುದು. ಸರಿಯಾಗುವವರೆಗೆ ಬಿಡಲಿಲ್ಲ, ಮತ್ತೆ ಮತ್ತೆ ಮಾಡಿಸಿದಳು.

"ನಾವು ಬಾಯಲ್ಲಿ ಹೇಳೋದೂ ಅದೇ ತಾನೆ" ಎಂದಳು ಅಜ್ಜಿ. "ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಇವಳಿಗೆ ಅದನ್ನ ಯಾರೂ ಹೇಳ್ಕೊಡ್ಲಿಲ್ಲ. ತಾನೇ ಕಂಡುಕೊಂಡ್ಲು ನೋಡು."

ಮಾರನೆಯ ದಿನ ವಿಮಾನ ನಿಲ್ದಾಣದ ಗಾಜಿನ ಗೋಡೆಯ ಆಚೆಗೆ ಮೂವರೂ ನಿಂತಿದ್ದರು. ಅಮ್ಮ ಏನೋ ಕೂಗುತ್ತಿದ್ದಳು, ಗಾಜು ದಪ್ಪವಿತ್ತು, ಒಂದಕ್ಷರ ಕೇಳಿಸಲಿಲ್ಲ. ಅಜ್ಜಿಯ ಗಾದೆಯೂ ಕೇಳಿಸಲಿಲ್ಲ. ಅಕ್ಕ ಮಾತ್ರ ಗಾಜಿನಾಚೆಯಿಂದ ಸರಾಗವಾಗಿ ಮಾತಾಡಿದಳು. ಊಟ ಮಾಡು, ಬೆಚ್ಚಗಿರು, ಆ ಕೊಕ್ಕನ್ನು ಕೊಂಚ ಮುಚ್ಚಿಕೊಂಡಿರು. ಆಮೇಲೆ ಕೈ ಎತ್ತಿ, ಬಾಗಿಸಿ, ತನ್ನ ಎದೆ ಮುಟ್ಟಿಕೊಂಡಳು.

ಹೊಸ ಊರಿನಲ್ಲಿ ನನ್ನ ಎರಡು ನಾಲಿಗೆಯೂ ಕೆಲಸಕ್ಕೆ ಬರಲಿಲ್ಲ. ಪುಸ್ತಕದಲ್ಲಿ ಓದಿ ಕಲಿತ ಭಾಷೆ ಬಾಯಿಂದ ಬಾಯಿಗೆ ಹಾರುವಾಗ ನನ್ನ ಕೈಗೆ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ನಾನು ಮುಖ ಮುಖ ನೋಡಿದರೆ ಅವರು ಅದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದರು. ಅರ್ಥವಾಗದವರಿಗೆ ಕೂಗಿ ಹೇಳುವುದು ಎಲ್ಲ ಊರಿನ ಬುದ್ಧಿ, ನಮ್ಮ ಬೀದಿಯವರೂ ಅಕ್ಕನ ಮುಂದೆ ಹಾಗೇ ಕಿರುಚುತ್ತಿದ್ದರು. ನಾನು ಬೆರಳು ತೋರಿಸಿ, ಕೈಯಲ್ಲಿ ಅಳತೆ ಹಿಡಿದು, ಬೇಕಾದ್ದನ್ನು ತರುತ್ತಿದ್ದೆ. ಕಿರಿದಾದ ಕೋಣೆ, ಒಂದು ಮಂಚ, ಒಂದು ಮೇಜು, ಎದುರು ಕಟ್ಟಡದ ಇಟ್ಟಿಗೆ ಗೋಡೆಗೆ ತೆರೆಯುವ ಕಿಟಕಿ. ಹಗಲೆಲ್ಲ ಪ್ರಯೋಗಶಾಲೆಯಲ್ಲಿ ಮಣ್ಣು ಒಣಗಿಸುವುದು, ಜರಡಿ ಹಿಡಿಯುವುದು, ತೂಗುವುದು, ನೀರು ಹಾಕಿ ಎಷ್ಟು ಕುಡಿಯಿತು ಎಂದು ಕಾಯುವುದು. ಮಣ್ಣಿಗೆ ಮಾತಿಲ್ಲದಿರುವುದು ಒಂದು ಸಮಾಧಾನವಾಗಿತ್ತು.

ವಾರಕ್ಕೊಮ್ಮೆ ಮನೆಯವರ ಜೊತೆ ವಿಡಿಯೋದಲ್ಲಿ ಮಾತು. ಅಜ್ಜಿ ಫೋನನ್ನು ಮುಖಕ್ಕೆ ಅಂಟಿಸಿಕೊಳ್ಳುತ್ತಿದ್ದಳು, ನನಗೆ ಕಾಣುತ್ತಿದ್ದುದು ಅವಳ ಹಣೆ, ಅರ್ಧ ಕನ್ನಡಕ. "ಮಣ್ಣು ಓದಿ ಆಯ್ತಾ ಇಲ್ಲವಾ?" ಎಂದು ಹಣೆ ಕೇಳುತ್ತಿತ್ತು. ಹಿಂದೆ ಎಲ್ಲೋ ಅಕ್ಕ ಕೈ ಆಡಿಸುತ್ತಿದ್ದಳು. ಅವಳ ಜೊತೆ ಎರಡು ಮಾತಾಡುವಷ್ಟರಲ್ಲಿ ಯಾರಾದರೂ ಫೋನು ತಿರುಗಿಸಿಬಿಡುತ್ತಿದ್ದರು.

ಮೊದಲ ಪರೀಕ್ಷೆ ಹತ್ತಿರ ಬಂತು. ಆಗಿನಿಂದ ಅಜ್ಜಿ ಫೋನಿಗೆ ಸಿಗಲಿಲ್ಲ.

"ಮಲಗಿದಾರೆ ಕಣೇ" ಎಂದಳು ಅಮ್ಮ. ಇನ್ನೊಂದು ವಾರ, "ಸ್ನಾನಕ್ಕೆ ಹೋಗಿದಾರೆ." ಆಮೇಲೆ, "ಕಣ್ಣಿಗೆ ಔಷಧಿ ಹಾಕಿದೆ, ಫೋನ್ ನೋಡಬಾರದು ಅಂದಿದಾರೆ ಡಾಕ್ಟ್ರು."

"ನೋಡೋದು ಬೇಡ, ಮಾತಾಡ್ಲಿ."

"ನೀನು ಮೊದಲು ಓದ್ಕೋ. ಪರೀಕ್ಷೆ ಮುಗೀಲಿ, ಎಷ್ಟು ಬೇಕಾದ್ರೂ ಮಾತಾಡ್ಕೋ."

ಸೋದರಮಾವನಿಗೆ ಫೋನು ಮಾಡಿದೆ. ಅಜ್ಜಿ ಗುಂಡುಕಲ್ಲಿನ ಹಾಗಿದಾರೆ ಅಂದ. ಅತ್ತೆಯ ಮಗಳೂ ಅದನ್ನೇ ಅಂದಳು, ಗುಂಡುಕಲ್ಲು ಅನ್ನುವ ಮಾತನ್ನೂ ಬದಲಾಯಿಸದೆ. ನಂಬಿದೆ. ನಂಬದೆ ಏನು ಮಾಡಲಿ?

ಪರೀಕ್ಷೆಗೆ ಇನ್ನೂ ಎರಡು ದಿನ ಇದ್ದ ಒಂದು ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಅಮ್ಮನ ನಂಬರು. ಎತ್ತಿದರೆ ಪರದೆಯ ಮೇಲೆ ಅಕ್ಕ. ಅವಳೊಬ್ಬಳೇ. ಅಕ್ಕ ತಾನಾಗಿ ಯಾರಿಗೂ ಫೋನು ಮಾಡಿದವಳಲ್ಲ, ಅವಳು ಮಾಡುವುದಾದರೂ ಯಾರಿಗೆ? ಅಂಗಡಿಯ ಮೇಜಿನ ಮೇಲೆ ಫೋನನ್ನು ಯಾವುದಕ್ಕೋ ಒರಗಿಸಿ ನಿಲ್ಲಿಸಿದ್ದಳು. ಅಮ್ಮ ಎಲ್ಲಿ ಎಂದು ಕೇಳಿದೆ. ಹೊರಗೆ ಎಂದಳು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತಾ, ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. ಅಂಗೈಯನ್ನು ಮೇಲೆತ್ತಿದಳು.

ನನ್ನ ಬುದ್ಧಿ ಎಲ್ಲೆಲ್ಲೋ ಓಡಿತು. ಮೇಜಿನ ಮೇಲೆ ಅವಳ ಮೊಣಕೈ ಹತ್ತಿರ ಬಂಗಾರದ ಪಟ್ಟಿ ಹೊಳೆಯುತ್ತಿತ್ತು. ಬಂಗಾರ ಅಂದರೆ ಬದುಕಿದ್ದಾರೆ. ನಾನು ಎರಡೂ ತೋಳು ಚಾಚಿದೆ. ವಿಮಾನವಾ? ಅಜ್ಜಿ ವಿಮಾನದಲ್ಲಿ ಬರುತ್ತಿದ್ದಾಳಾ, ನನ್ನ ಹತ್ತಿರ? ಅಕ್ಕ ಇಲ್ಲ ಎಂದಳು. ಎತ್ತಿದ ಕೈಯನ್ನು ಇಳಿಸಲಿಲ್ಲ. ನಾನು ನನ್ನ ಕೈಯನ್ನು ಎತ್ತಿ, ಬಾಗಿಸಿ, ಇಳಿಸಿ ಎದೆಗೆ ತಂದು ತೋರಿಸಿದೆ. ಹೀಗೆ ತಾನೆ? ಹೋಗಿ ಬರುತ್ತಾಳೆ ತಾನೆ? ಅಕ್ಕನ ಕೈ ಮೇಲೆಯೇ ಇತ್ತು. ಬಾಗಲಿಲ್ಲ.

ಅಜ್ಜಿ ಹೋಗಿಬಿಟ್ಟಿದ್ದಳು. ನಾನು ಸ್ನಾನಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ ಎಂದು ನಂಬಿಕೊಂಡು ಪರಊರಿನ ಮಣ್ಣನ್ನು ತೂಗುತ್ತಿದ್ದಾಗ, ಅವಳ ಮಣ್ಣು ಮುಗಿದು ವಾರಗಳೇ ಆಗಿದ್ದವು. ಒಂದು ಹಿಡಿ ಹಾಕುವುದಕ್ಕೂ ನಾನಿರಲಿಲ್ಲ.

ಯಾರೂ ಹೇಳಬಾರದು ಎಂದು ಅಮ್ಮ ಎಲ್ಲರ ಬಾಯಿಗೂ ಬೀಗ ಹಾಕಿದ್ದಳಂತೆ. ಮಾವನಿಗೆ, ಅತ್ತೆಗೆ, ಅತ್ತೆಯ ಮಗಳಿಗೆ, ಬೀದಿಯ ಹೆಂಗಸರಿಗೆ. ಆ ವಿಷಯಕ್ಕೆ ಆಮೇಲೆ ಅವಳ ಜೊತೆ ಕೂಗಾಡಿದೆ, ಅವಳೂ ಅತ್ತಳು, ಅದು ಬೇರೆ ಮಾತು. ಅಕ್ಕನಿಗೆ ಮಾತ್ರ ಹೇಳಬೇಡ ಎಂದು ಯಾರೂ ಹೇಳಿರಲಿಲ್ಲ. ಬಾಯಿಲ್ಲದವಳಿಗೆ ಬಾಯಿ ಮುಚ್ಚು ಅನ್ನುವುದು ಯಾರಿಗೆ ತಾನೆ ಹೊಳೆಯುತ್ತದೆ? ನನ್ನ ನೆತ್ತರಿನವರಲ್ಲಿ ಮಾತು ಬಲ್ಲವರೆಲ್ಲ ನನಗೆ ಸುಳ್ಳು ಹೇಳಿದರು. ಅಕ್ಕ ಸುದ್ದಿ ತಂದಳು. ಅವಳಿಗೆ ನಾನೇ ಬಾಗಿಲು ಎಂದು ಮೆರೆದಿದ್ದೆ, ಈಗ ನನಗೆ ಇದ್ದ ಬಾಗಿಲು ಅವಳೊಬ್ಬಳೇ.

ನಾನು ಅಳುತ್ತಿದ್ದೆ. ಅಕ್ಕ ಕಾಯುತ್ತಿದ್ದಳು. ನಾನು ತಲೆ ಎತ್ತಿದ ಮೇಲೆ ಫೋನನ್ನು ಕೈಗೆತ್ತಿಕೊಂಡು ಮೇಜಿನತ್ತ ತಿರುಗಿಸಿದಳು. ಬಂಗಾರದ ಕಟ್ಟಿನಲ್ಲಿ ಅಜ್ಜಿ. ಕನ್ನಡಕದ ಮೇಲಿಂದ ನೋಡುತ್ತಾ, ಈಗಲೋ ಆಗಲೋ ಗಾದೆ ಹೇಳುವವಳ ಹಾಗೆ. ಕಪ್ಪು ಒಪ್ಪಲ್ಲ ಅಂದದ್ದನ್ನು ನಾವೆಲ್ಲ ತಮಾಷೆ ಅಂದುಕೊಂಡಿದ್ದೆವು. ಅಕ್ಕ ಅದನ್ನು ಮಾತು ಎಂದು ಇಟ್ಟುಕೊಂಡಿದ್ದಳು. ಅಪ್ಪನ ಕಟ್ಟಳೆಯನ್ನು ಅಜ್ಜಿಗಾಗಿ ಒಂದು ಸಲ ಮುರಿದಿದ್ದಳು.

ಹಿಂದಿನ ರಟ್ಟು ಇನ್ನೂ ಮುಚ್ಚಿರಲಿಲ್ಲ. ಯಾಕೆ ಎಂದು ಕೇಳಿದೆ. ಅಕ್ಕ ಫೋನನ್ನು ಮತ್ತೆ ಒರಗಿಸಿಟ್ಟು, ಬೆರಳುಗಳನ್ನು ಕೊಕ್ಕಿನ ಹಾಗೆ ಬಡಿದಳು. ನನಗಾಗಿ ಕಾದಿದ್ದಳು. ಅಷ್ಟು ವಾರ ಅಜ್ಜಿಯ ಮುಖವನ್ನು ಮುಚ್ಚದೆ, ಧೂಳು ಬೀಳದ ಹಾಗೆ ಬಟ್ಟೆ ಸುತ್ತಿ ಇಟ್ಟು ಕಾದಿದ್ದಳು. ಅಮ್ಮ ಒರೆಸಿ ಆಗಿದೆ ಎಂದು ಅಕ್ಕನ ಕೈ ಹೇಳಿತು. ಮಾವನೂ ಒರೆಸಿದ್ದಾನೆ. ಗಾಜನ್ನು ಮೇಲೆತ್ತಿ, ಬಾಯುಸಿರು ಹಾಕಿ, ತನ್ನ ಪಾಲಿನದನ್ನು ಒರೆಸಿದಳು. ಮತ್ತೆ ಉಸಿರು ಹಾಕಿದಳು. ಗಾಜು ಮಂಜಾಯಿತು. ಆ ಮಂಜಾದ ಗಾಜನ್ನು ಫೋನಿನ ಹತ್ತಿರ, ತೀರ ಹತ್ತಿರ ತಂದು ಹಿಡಿದಳು.

ನಾನು ತೋಳಿನ ಬಟ್ಟೆಯ ತುದಿಯನ್ನು ಬೆರಳಿಗೆ ಎಳೆದುಕೊಂಡು ನನ್ನ ಫೋನಿನ ಗಾಜನ್ನು ಒರೆಸಿದೆ. ಮೂಲೆಯಿಂದ ಮೂಲೆಗೆ, ಅವಳು ಕಲಿಸಿದ ಹಾಗೆ, ನಿಧಾನವಾಗಿ. ನನ್ನ ಕೈ ಹೋದ ಕಡೆಯೆಲ್ಲ ಆಚೆಯಿಂದ ಅಕ್ಕನ ಮೆತ್ತನೆ ಬಟ್ಟೆ ಜೊತೆಜೊತೆಗೆ ಬಂತು, ಗಾಜು ತಿಳಿಯಾಯಿತು. ಸಾಕಾ ಎಂದು ಅವಳು ಕೇಳಿದಳು. ಸಾಕು ಎಂದೆ. ಆಮೇಲೆ ಅವಳು ಗಾಜನ್ನು ಅಜ್ಜಿಯ ಮುಖದ ಮೇಲಿಟ್ಟು, ರಟ್ಟು ಮುಚ್ಚಿ, ಮೊಳೆ ಹೊಡೆದಳು.